ಕರುಳಿನ ಉರಿಯೂತ ಮತ್ತು ಬ್ಯಾಕ್ಟೀರಿಯಾ: ಜ್ವರ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ

ಪುಣೆಯ ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಹೈದರಾಬಾದ್, ಚೆನ್ನೈ, ನೋಯ್ಡಾದಿಂದ ಆನ್‌ಲೈನ್‌ನಲ್ಲೂ ಕೆಲವರು ಕೇಳ್ತಾ ಇದ್ದೀರಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಹೊಟ್ಟೆಪಾಡಿಗೆ ಮಾಡೋದು ಬ್ಯಾಕೆಂಡ್ ಕೆಲಸ. ಈ ವಿಷಯ ನನಗೆ ಗಂಟುಬಿದ್ದದ್ದು ನನ್ನ ತಮ್ಮನಿಂದ. ಅವನಿಗೆ ಕ್ರೋನ್ಸ್ ಕಾಯಿಲೆ. ಆರು ವರ್ಷದಿಂದ ಅವನ ರಿಪೋರ್ಟುಗಳ ಫೈಲ್ ಹಿಡ್ಕೊಂಡು ಆಸ್ಪತ್ರೆ ಸುತ್ತೋ ಕೆಲಸ ನನ್ನದು. ಹಾಗೆ ಸುತ್ತುವಾಗ ವೈದ್ಯರನ್ನು ಕೇಳಿ, ಆಮೇಲೆ ಕೂತು ಓದಿ ತಿಳ್ಕೊಂಡದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ. ಔಷಧಿ ತಗೊಳ್ಳೋದು, ಬಿಡೋದು ನಿಮ್ಮ ವೈದ್ಯರು ಹೇಳಿದ ಹಾಗೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಐ.ಬಿ.ಎಸ್ ಬೇರೆ, ಐ.ಬಿ.ಡಿ ಬೇರೆ. ರಿಲೀಸ್ ಹಿಂದಿನ ದಿನ ಹೊಟ್ಟೆ ಕೆಡುತ್ತೆ, ಕ್ಯಾಮೆರಾ ಹಾಕಿ ನೋಡಿದರೆ ಕರುಳು ಚೆನ್ನಾಗೇ ಇರುತ್ತೆ ಅಂದ್ರೆ ಅದು ಸಾಮಾನ್ಯವಾಗಿ ಐ.ಬಿ.ಎಸ್. ಐ.ಬಿ.ಡಿಯಲ್ಲಿ ಕರುಳಿನಲ್ಲಿ ನಿಜವಾದ ಹುಣ್ಣು ಇರುತ್ತೆ, ರಕ್ತ ಹೋಗುತ್ತೆ, ತೂಕ ಇಳಿಯುತ್ತೆ. ಇದರಲ್ಲಿ ಎರಡು ಮುಖ್ಯ ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಮಾತ್ರ ಬರುತ್ತೆ, ಒಳಪದರದಲ್ಲಿ ಇರುತ್ತೆ. ಕ್ರೋನ್ಸ್ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಮತ್ತು ಕರುಳಿನ ಗೋಡೆಯ ಇಡೀ ದಪ್ಪಕ್ಕೂ ಇಳಿಯುತ್ತೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಅನ್ನೋ ಮೂವರು ಇದರ ಬಗ್ಗೆ ಬರೆದರು, ಹೆಸರು ಮಾತ್ರ ಒಬ್ಬರದ್ದೇ ಉಳೀತು. ಗೋಡೆಯ ಇಡೀ ದಪ್ಪ ಅಂದೆನಲ್ಲ, ಅದನ್ನ ನೆನಪಲ್ಲಿಡಿ.

ಇದು ವಿದೇಶದವರ ಕಾಯಿಲೆ ಅಂತ ನಮ್ಮಲ್ಲಿ ಇನ್ನೂ ಅನ್ನೋರಿದ್ದಾರೆ. ಲೂಧಿಯಾನದ ವೈದ್ಯರು ಪಂಜಾಬಿನಲ್ಲಿ 51,910 ಜನರನ್ನ ವಿಚಾರಿಸಿ, 2003ರಲ್ಲಿ ಲೆಕ್ಕ ಪ್ರಕಟಿಸಿದರು. ಲಕ್ಷಕ್ಕೆ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಇಪ್ಪತ್ತು ವರ್ಷಕ್ಕೂ ಹಳೇ ಲೆಕ್ಕ ಇದು.

ಈಗ ಬ್ಯಾಕ್ಟೀರಿಯಾಕ್ಕೆ ಬರೋಣ. ನಮ್ಮ ಮೈಯಲ್ಲಿ ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇವೆ ಅಂತ ವಾಟ್ಸಾಪ್‌ನಲ್ಲಿ ಓದಿರ್ತೀರಿ. ಅದು ಹಳೇ ಅಂದಾಜು. 2016ರಲ್ಲಿ ಇಸ್ರೇಲಿನ ಕೆಲವು ವಿಜ್ಞಾನಿಗಳು ಮತ್ತೆ ಕೂಡಿಸಿ ಕಳೆದು ನೋಡಿದರು. 70 ಕೆ.ಜಿ. ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, ಹೆಚ್ಚುಕಮ್ಮಿ ನಮ್ಮ ಜೀವಕೋಶಗಳಷ್ಟೇ. ಎಲ್ಲ ಸೇರಿ ತೂಕ 200 ಗ್ರಾಂ. ಅದರಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲೇ. ಇವು ಶತ್ರುಗಳಲ್ಲ. ನಾವು ಜೀರ್ಣಿಸಲಾಗದ ನಾರನ್ನ ತಿಂದು ಬ್ಯುಟಿರೇಟ್ ಅನ್ನೋ ಆಮ್ಲ ತಯಾರಿಸಿ ಕೊಡ್ತವೆ, ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ.

ಆದರೆ ಒಂದು ಷರತ್ತಿದೆ. ಅವು ಒಳಗಿನ ಕೊಳವೆಯಲ್ಲೇ ಇರಬೇಕು, ಗೋಡೆಗೆ ತಾಗಬಾರದು. ದೊಡ್ಡ ಕರುಳಿನ ಮೇಲೆ ಲೋಳೆಯ ಎರಡು ಪದರ ಇದೆ. ಹೊರಗಿನ ಸಡಿಲ ಪದರದಲ್ಲಿ ಬ್ಯಾಕ್ಟೀರಿಯಾ ಓಡಾಡ್ತವೆ, ಗೋಡೆಗೆ ಅಂಟಿದ ಒಳಗಿನ ಬಿಗಿ ಪದರದಲ್ಲಿ ಒಂದೂ ಇರಲ್ಲ ಅನ್ನೋ ಮಟ್ಟಿಗೆ ಖಾಲಿ. 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನವರು ಇದನ್ನ ಇಲಿಗಳಲ್ಲಿ ಚೆನ್ನಾಗಿ ತೋರಿಸಿದರು. ಕೊಲೈಟಿಸ್ ಇದ್ದಾಗ ಈ ಒಳಪದರದೊಳಗೂ ಬ್ಯಾಕ್ಟೀರಿಯಾ ನುಗ್ಗಿರ್ತವೆ. ನಮ್ಮ ಭಾಷೇಲಿ ಹೇಳಬೇಕಂದ್ರೆ ಹೊರಗಿನ ಹ್ಯಾಕರ್ ಯಾರೂ ಬಂದಿಲ್ಲ. ಇದ್ದ ಯೂಸರ್‌ಗಳಿಗೇ ಇರಬಾರದ ಜಾಗಕ್ಕೆ ಆಕ್ಸೆಸ್ ಸಿಕ್ಕಿದೆ.

ಬ್ಯಾಕ್ಟೀರಿಯಾ ನಿಜಕ್ಕೂ ಕಾರಣವೋ, ಇಲ್ಲ ಬೆಂಕಿ ಬಿದ್ದ ಮೇಲೆ ಬಂದ ಜನವೋ ಅಂತ ನಿಮಗೆ ಅನುಮಾನ ಬರಬೇಕು, ನನಗೂ ಬಂದಿತ್ತು. ಇದಕ್ಕೆ ನನಗೆ ತುಂಬ ಹಿಡಿಸಿದ ಉತ್ತರ ಬೆಲ್ಜಿಯಂನ ಲ್ಯೂವೆನ್‌ನಿಂದ ಬಂತು. ಕ್ರೋನ್ಸ್‌ನಲ್ಲಿ ಕೆಟ್ಟ ಭಾಗ ಕತ್ತರಿಸಿ ಕರುಳು ಜೋಡಿಸಿದರೆ, ಎಷ್ಟೋ ಜನರಲ್ಲಿ ಕೆಲವೇ ತಿಂಗಳಲ್ಲಿ ಜೋಡಣೆಯ ಮೇಲ್ಭಾಗದಲ್ಲೇ ಮತ್ತೆ ಹುಣ್ಣು ಏಳುತ್ತೆ. ರುಟ್ಗೀರ್ಟ್ಸ್ ಮತ್ತು ಸಂಗಡಿಗರು ಐದು ಜನ ರೋಗಿಗಳಲ್ಲಿ, ಜೋಡಣೆಗಿಂತ ಮೇಲೇ ಕರುಳನ್ನ ಹೊಟ್ಟೆಯ ಹೊರಗೆ ಚೀಲಕ್ಕೆ ತಿರುಗಿಸಿದರು. ಅಂದ್ರೆ ಜೋಡಿಸಿದ ಜಾಗಕ್ಕೆ ಆಹಾರ, ಮಲ, ಬ್ಯಾಕ್ಟೀರಿಯಾ ಏನೂ ಹರಿಯಲ್ಲ. ಆರು ತಿಂಗಳಾದ ಮೇಲೆ ನೋಡಿದರೆ ಐವರಲ್ಲೂ ಆ ಜಾಗ ಶುಭ್ರ. ಆಮೇಲೆ ಚೀಲ ತೆಗೆದು ದಾರಿ ಮತ್ತೆ ಕೂಡಿಸಿದರು. ಇನ್ನಾರು ತಿಂಗಳಿಗೆ ಐವರಲ್ಲೂ ಕಾಯಿಲೆ ವಾಪಸ್. ಇದು 1991ರ ಮಾತು. ಅದೇ ಊರಿನವರು 1998ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಾಗೆ ಖಾಲಿ ಬಿಟ್ಟಿದ್ದ ಕರುಳಿಗೆ ರೋಗಿಯದ್ದೇ ಕರುಳಿನ ದ್ರವವನ್ನ ಹನಿಸಿದರು. ಎಂಟು ದಿನದಲ್ಲಿ ಉರಿಯೂತ ಶುರು! ಐದು ಜನ, ಮೂರು ಜನ ಅಂದ್ರೆ ಸ್ಯಾಂಪಲ್ ಸೈಜ್ ನೋಡಿ ನೀವು ನಗಬಹುದು. ಆದರೆ ಸ್ವಿಚ್ ಆಫ್ ಮಾಡಿದರೆ ಹೋಗುತ್ತೆ, ಆನ್ ಮಾಡಿದರೆ ಬರುತ್ತೆ ಅಂದ್ರೆ ಡೀಬಗ್ ಮಾಡೋನಿಗೆ ಅದಕ್ಕಿಂತ ಒಳ್ಳೇ ಸಾಕ್ಷಿ ಏನು ಬೇಕು? ಹರಿಯೋ ದ್ರವದಲ್ಲಿ ಬ್ಯಾಕ್ಟೀರಿಯಾ ಮಾತ್ರ ಇರಲ್ಲ, ಆಹಾರ, ಪಿತ್ತರಸ ಎಲ್ಲ ಇರುತ್ತೆ ಅನ್ನೋದು ನಿಜ. ಅದಕ್ಕೆ ಇಲಿಗಳ ಪ್ರಯೋಗ ಜೊತೆಗಿಟ್ಟು ನೋಡಬೇಕು. ಇಂಟರ್‌ಲ್ಯೂಕಿನ್-10 ಅನ್ನೋ, ಉರಿಯೂತವನ್ನ ತಣಿಸೋ ಪ್ರೋಟೀನ್ ಇಲ್ಲದ ಇಲಿಗಳಿಗೆ ತಾನಾಗೇ ಕೊಲೈಟಿಸ್ ಬರುತ್ತೆ. ಅವನ್ನೇ ಒಂದೂ ಬ್ಯಾಕ್ಟೀರಿಯಾ ಇಲ್ಲದ ಪೆಟ್ಟಿಗೆಯಲ್ಲಿ ಸಾಕಿದರೆ ಬರಲ್ಲ.

ಹಾಗಾದರೆ ಯಾವ ಬ್ಯಾಕ್ಟೀರಿಯಾ? ಒಂದೇ ಹೆಸರು ಹೇಳಿ ಅಂದ್ರೆ ಹೇಳಕ್ಕಾಗಲ್ಲ. ಒಳ್ಳೇದರಲ್ಲಿ ಫೀಕಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ ಅಂತ ಬ್ಯುಟಿರೇಟ್ ಮಾಡೋ ಒಂದಿದೆ. ಆಪರೇಷನ್ ಸಮಯದಲ್ಲಿ ಇದು ಕಡಿಮೆ ಇದ್ದ ಕ್ರೋನ್ಸ್ ರೋಗಿಗಳಲ್ಲಿ ಆರು ತಿಂಗಳಿಗೆ ಕಾಯಿಲೆ ಮರುಕಳಿಸಿದ್ದು ಹೆಚ್ಚು ಅಂತ 2008ರಲ್ಲಿ ಫ್ರಾನ್ಸಿನವರು ತೋರಿಸಿದರು. ಕಿಡಿಗೇಡಿಗಳಲ್ಲಿ, ಎಲ್ಲರ ಹೊಟ್ಟೆಯಲ್ಲೂ ಇರೋ ಇ. ಕೋಲಿಯದ್ದೇ ಒಂದು ತಳಿ. ಇದು ಕರುಳಿನ ಕೋಶಕ್ಕೆ ಅಂಟ್ಕೊಳ್ಳುತ್ತೆ, ಒಳಗೂ ಇಳಿಯುತ್ತೆ. ತನ್ನನ್ನ ನುಂಗೋಕೆ ಬಂದ ರಕ್ಷಣಾ ಕೋಶದೊಳಗೇ ಸಂಸಾರ ಹೂಡಿ ಮರಿ ಹಾಕುತ್ತೆ. ಆದರೂ ಇದು ಎಲ್ಲ ರೋಗಿಗಳಲ್ಲೂ ಸಿಗಲ್ಲ. ಕಾಯಿಲೆ ಇಲ್ಲದವರಲ್ಲೂ ಒಮ್ಮೊಮ್ಮೆ ಸಿಗುತ್ತೆ.

ಇಲ್ಲೀವರೆಗೆ ಹೇಳಿದ್ದು ಪೀಠಿಕೆ. ನಾನು ಇವತ್ತು ಬಂದಿರೋದು ಮುಂದಿನ ಮಾತಿಗಾಗಿ. ಐ.ಬಿ.ಡಿಯಲ್ಲಿ ಹೊಟ್ಟೆನೋವು, ಭೇದಿ, ಜ್ವರ ಹೆಚ್ಚಾದರೆ ಎರಡು ಕಾರಣ ಇರಬಹುದು. ಒಂದು, ಕಾಯಿಲೆಯೇ ಕೆರಳಿದೆ. ಅದಕ್ಕೆ ರೋಗನಿರೋಧಕ ಶಕ್ತಿಯನ್ನ ತಗ್ಗಿಸೋ ಔಷಧಿ ಬೇಕು. ಎರಡು, ಬ್ಯಾಕ್ಟೀರಿಯಾದ ಸೋಂಕು ಇದೆ. ಆಗ ಅದೇ ಔಷಧಿ ಬೆಂಕಿಗೆ ತುಪ್ಪ ಸುರಿದ ಹಾಗೆ. ಹೊರಗಿಂದ ಎರಡೂ ಒಂದೇ ಥರ ಕಾಣ್ತವೆ, ಚಿಕಿತ್ಸೆ ಮಾತ್ರ ಪೂರ್ತಿ ಉಲ್ಟಾ.

ನನ್ನ ತಮ್ಮನ ವಿಷಯದಲ್ಲಿ ಇದು ಕೀವಿನ ರೂಪದಲ್ಲಿ ಬಂತು. ಗೋಡೆಯ ಇಡೀ ದಪ್ಪಕ್ಕೂ ಇಳಿಯುತ್ತೆ ಅಂದೆನಲ್ಲ, ಹುಣ್ಣು ಹಾಗೇ ಕೊರೀತಾ ಹೋದರೆ ಆಚೆ ಬದಿಗೆ ತೂತಾಗುತ್ತೆ. ಸಣ್ಣ ಕರುಳಿನ ಕೊನೆಯ ಭಾಗ ಹೊಟ್ಟೆಯ ಬಲಗಡೆ, ತೊಡೆಯನ್ನ ಮೇಲೆತ್ತೋ ಸೊಯಸ್ ಅನ್ನೋ ಸ್ನಾಯುವಿನ ಮೇಲೆ ಕೂತಿರುತ್ತೆ. ಅಲ್ಲಿ ಸೋರಿದ ಬ್ಯಾಕ್ಟೀರಿಯಾ ಆ ಸ್ನಾಯುವಿನಲ್ಲೇ ಕೀವು ಕಟ್ಟಬಹುದು. ಅವನಿಗೆ ಸಂಜೆ ಸಂಜೆ ಜ್ವರ, ಬಲಗಾಲು ನೀಟಾಗಿ ಚಾಚಿದರೆ ನೋವು. ಮಂಡಿ ಮಡಚ್ಕೊಂಡೇ ಮಲಗ್ತಿದ್ದ. ಫೋನಿನಲ್ಲಿ ನೋಡಿದ ಒಬ್ಬ ವೈದ್ಯರು ಕಾಯಿಲೆ ಕೆರಳಿದೆ, ಸ್ಟೀರಾಯ್ಡ್ ಜಾಸ್ತಿ ಮಾಡಿ ಅಂದರು. ರಾಣೇಬೆನ್ನೂರಿಂದ ಅಮ್ಮ ಫೋನ್ ಮಾಡಿ, 'ಮೆಸ್ಸಿನ ಊಟ ಉಷ್ಣ ಆಗೈತಿ, ಮನೀಗೆ ಕರ್ಕೊಂಡ್ ಬಾ, ಗಂಜಿ ಹಾಕಿ ಸುಧಾರಸ್ತೀನಿ' ಅಂದ್ರು. ಅಷ್ಟರಲ್ಲಿ ಒಂದು ಸಲ ನೇರ ತೋರಿಸಿಬಿಡೋಣ ಅಂತ ಬೇರೆ ಕಡೆ ಹೋದಾಗ, ಅಲ್ಲಿನ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: 'ಕಾಲು ಯಾಕಪ್ಪಾ ಹಾಗೆ ಮಡಚ್ಕೊಂಡಿದ್ದೀಯಾ?' ಅವತ್ತೇ ಸಿ.ಟಿ. ಸ್ಕ್ಯಾನ್ ಆಯ್ತು. ಸೊಯಸ್‌ನಲ್ಲಿ ಕೀವು. ಸ್ಕ್ಯಾನ್ ನೋಡ್ಕೊಂಡೇ ಚರ್ಮದ ಮೂಲಕ ಕೊಳವೆ ಹಾಕಿ ಕೀವು ತೆಗೆದರು, ಆ್ಯಂಟಿಬಯಾಟಿಕ್ ಕೊಟ್ಟರು, ಸ್ಟೀರಾಯ್ಡ್ ಹಂತಹಂತವಾಗಿ ಇಳಿಸಿದರು. ಕೀವು ಪೂರ್ತಿ ಒಣಗಿದ ಮೇಲಷ್ಟೇ ಬಯಾಲಜಿಕ್ ಇಂಜೆಕ್ಷನ್ ಶುರುವಾದದ್ದು. ಕೀವು ಒಳಗಿರುವಾಗ ಸ್ಟೀರಾಯ್ಡ್ ಏರಿಸಿದರೆ ಜ್ವರ ಇಳಿಯಬಹುದು, ನೋವೂ ಕಡಿಮೆ ಅನ್ನಿಸಬಹುದು, ಒಳಗೆ ಸೋಂಕು ಮಾತ್ರ ಹರಡ್ತಾ ಇರುತ್ತೆ. ಆರಾಮಾಗಿದೆ ಅಂತ ಮನೆಯವರೂ ನಂಬಿಬಿಡ್ತಾರೆ.

ಇದೇ ಸೋರಿಕೆ ಪಕ್ಕದ ಅಂಗಕ್ಕೆ ದಾರಿ ಮಾಡಿಕೊಂಡರೆ ಅದು ಫಿಸ್ಟುಲಾ. ಮೂತ್ರಕೋಶಕ್ಕೆ ಹೋದರೆ ಮೂತ್ರದಲ್ಲಿ ಗಾಳಿಗುಳ್ಳೆ ಬರುತ್ತೆ, ಪದೇಪದೇ ಮೂತ್ರದ ಸೋಂಕು ಆಗುತ್ತೆ. ಗುದದ ಪಕ್ಕದ ಚರ್ಮಕ್ಕೆ ಹೋದರೆ ಕೀವು ಒಸರುತ್ತೆ. ನಮ್ಮವರು ಇದನ್ನ ಮೂಲವ್ಯಾಧಿ ಅಂತ ತಿಳ್ಕೊಂಡು, ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಕೊಂಡು, ಗೋಡೆ ಮೇಲೆ ಬರೆದ ನಂಬರಿಗೆ ಫೋನ್ ಮಾಡ್ತಾರೆ. ದಯವಿಟ್ಟು ಬೇಡ.

ಇನ್ನೊಂದು ತೊಡಕು ಸದ್ದಿಲ್ಲದ್ದು. ಹುಣ್ಣು ಮಾಯುತ್ತಾ ಮಾಯುತ್ತಾ ಕರುಳು ಒಂದು ಕಡೆ ಕಿರಿದಾಗುತ್ತೆ, ಇದಕ್ಕೆ ಸ್ಟ್ರಿಕ್ಚರ್ ಅಂತಾರೆ. ಕಿರಿದಾದ ಜಾಗದ ಹಿಂದೆ ನೀರು ನಿಂತ ಹಾಗೆ ದ್ರವ ನಿಲ್ಲುತ್ತೆ. ಸಣ್ಣ ಕರುಳಿನಲ್ಲಿ ಕಮ್ಮಿ ಇರಬೇಕಾದ ಬ್ಯಾಕ್ಟೀರಿಯಾ ಅಲ್ಲಿ ಬೆಳೆದುಬಿಡ್ತವೆ. ಹೊಟ್ಟೆ ಉಬ್ಬರ, ಗ್ಯಾಸ್, ಭೇದಿ ಶುರುವಾಗುತ್ತೆ. ನಾವು ತಿಂದ ಬಿ-12 ವಿಟಮಿನ್ನನ್ನ ಅವೇ ತಿಂದುಬಿಡ್ತವೆ. ಬಿ-12 ಹೀರಿಕೊಳ್ಳೋದು ಸಣ್ಣ ಕರುಳಿನ ಕೊನೆಯ ಭಾಗ, ಅಂದ್ರೆ ಕ್ರೋನ್ಸ್‌ಗೆ ಇಷ್ಟವಾದ ಜಾಗವೇ ಆದ್ದರಿಂದ ನಷ್ಟ ಎರಡೂ ಕಡೆಯಿಂದ. ಸಸ್ಯಾಹಾರಿಗಳಿಗೆ ಮೊದಲೇ ಬಿ-12 ಕೊರತೆ. ಕೈಕಾಲು ಜುಮ್ ಅನ್ನೋದು, ಸುಸ್ತು ಇದ್ದರೆ ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಹಾಗಾಗಿದೆ ಅಂತ ಬಿಡದೆ ಒಂದು ರಕ್ತ ಪರೀಕ್ಷೆ ಮಾಡಿಸಿ.

ಈಗ ನಮ್ಮ ದೇಶದ್ದೇ ದೊಡ್ಡ ತಲೆನೋವು, ಟಿ.ಬಿ. ಪ್ರಪಂಚದ ಟಿ.ಬಿ. ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿ. ಟಿ.ಬಿ. ಶ್ವಾಸಕೋಶಕ್ಕೆ ಮಾತ್ರ ಬರಲ್ಲ, ಕರುಳಿಗೂ ಬರುತ್ತೆ, ಅದೂ ಸಣ್ಣ ಕರುಳು ಮುಗಿದು ದೊಡ್ಡದು ಶುರುವಾಗೋ ಜಾಗಕ್ಕೇ ಹೆಚ್ಚು. ಅದೇ ಕ್ರೋನ್ಸ್‌ನ ಜಾಗ ಕೂಡ. ಅದೇ ಹುಣ್ಣು, ಅದೇ ಸ್ಟ್ರಿಕ್ಚರ್, ಅದೇ ಜ್ವರ, ಅದೇ ತೂಕ ಇಳಿಕೆ. ಬಯಾಪ್ಸಿಯಲ್ಲೂ ಎರಡರಲ್ಲೂ ಗ್ರ್ಯಾನುಲೋಮಾ ಅನ್ನೋ ಗಂಟುಗಳು ಕಾಣಬಹುದು. ಟಿ.ಬಿ. ಬ್ಯಾಕ್ಟೀರಿಯಾ ಕಂಡರೆ ಸರಿ, ಆದರೆ ಕರುಳಿನ ಟಿ.ಬಿ.ಯಲ್ಲಿ ಅದು ಸಂಖ್ಯೆಯಲ್ಲಿ ಕಮ್ಮಿ, ಎಷ್ಟೋ ಸಲ ಪರೀಕ್ಷೆಗೆ ಸಿಕ್ಕೋದೇ ಇಲ್ಲ. ಟಿ.ಬಿ.ಯನ್ನ ಕ್ರೋನ್ಸ್ ಅಂತ ತಿಳಿದು ಸ್ಟೀರಾಯ್ಡ್ ಕೊಟ್ಟರೆ ಟಿ.ಬಿ. ಮೈಯೆಲ್ಲ ಹರಡಬಹುದು. ಕ್ರೋನ್ಸನ್ನ ಟಿ.ಬಿ. ಅಂತ ತಿಳಿದು ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ಕೊಟ್ಟರೆ ಕ್ರೋನ್ಸ್ ತನ್ನ ಪಾಡಿಗೆ ಕರುಳು ಕೆಡಿಸ್ತಾ ಇರುತ್ತೆ.

ಸಂದೇಹ ಇದ್ದಾಗ ಮೊದಲು ಟಿ.ಬಿ. ಮಾತ್ರೆ ಕೊಟ್ಟು ನೋಡೋದು ನಮ್ಮಲ್ಲಿ ರೂಢಿ. ನನ್ನ ತಮ್ಮನಿಗೂ ಹಾಗೇ ಆಯ್ತು. ಇದರಲ್ಲಿ ತಪ್ಪಿಲ್ಲ, ನಮ್ಮ ದೇಶದಲ್ಲಿ ಬೇರೆ ದಾರಿ ಕಷ್ಟ. ಪ್ರಶ್ನೆ ಇರೋದು ಎಷ್ಟು ದಿನ, ಏನನ್ನ ನೋಡಿ ತೀರ್ಮಾನ ಅನ್ನೋದರಲ್ಲಿ. ಕ್ರೋನ್ಸ್ ರೋಗಿಗೂ ಟಿ.ಬಿ. ಮಾತ್ರೆಯಿಂದ ಸ್ವಲ್ಪ ಆರಾಮ ಅನ್ನಿಸಬಹುದು, ಆದ್ದರಿಂದ 'ಹೇಗನಿಸ್ತಿದೆ' ಅನ್ನೋ ಪ್ರಶ್ನೆ ಸಾಲದು. ಟಿ.ಬಿ.ಯಾಗಿದ್ದರೆ ಎರಡು ತಿಂಗಳ ಹೊತ್ತಿಗೆ ಹುಣ್ಣು ಮಾಯೋದು ಕೊಲೊನೋಸ್ಕೋಪಿಯಲ್ಲಿ ಕಾಣಬೇಕು. ದಿಲ್ಲಿಯ ಏಮ್ಸ್ ವೈದ್ಯರು ಈ ವಿಷಯದಲ್ಲಿ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಟಿ.ಬಿ. ಚಿಕಿತ್ಸೆ ಪಡೆದ ಮೇಲೆ ಕ್ರೋನ್ಸ್ ಅಂತ ಗೊತ್ತಾದವರಲ್ಲಿ ಸ್ಟ್ರಿಕ್ಚರ್ ಆಗೋ ಸಾಧ್ಯತೆ ಹೆಚ್ಚು ಅಂತ 2020ರಲ್ಲಿ ಅವರೇ ಬರೆದರು. ಹಾಗಾಗಿ ಎರಡನೇ ಕೊಲೊನೋಸ್ಕೋಪಿ ಅಂದಾಗ 'ಮತ್ತೆ ಆ ನೀರು ಕುಡಿಯೋದಾ' ಅಂತ ಮುಂದೂಡಬೇಡಿ. ಆ ಔಷಧಿ ನೀರು ಎಷ್ಟು ಅಸಹ್ಯ ಅಂತ ನನಗೆ ಗೊತ್ತು, ತಮ್ಮನಿಗೆ ಜೊತೆ ಕೊಡೋಕೆ ಅಂತ ಒಂದು ಗುಟುಕು ಕುಡಿದಿದ್ದೀನಿ.

ಟಿ.ಬಿ. ಕಥೆ ಅಲ್ಲಿಗೆ ಮುಗಿಯಲ್ಲ. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಟಿ.ಬಿ. ಮಲಗಿರುತ್ತೆ, ತೊಂದರೆ ಕೊಡಲ್ಲ. ಅದನ್ನ ಗಂಟು ಕಟ್ಟಿ ಇಟ್ಟಿರೋದರಲ್ಲಿ ಟಿ.ಎನ್.ಎಫ್. ಅನ್ನೋ ಪ್ರೋಟೀನಿನ ಪಾತ್ರ ದೊಡ್ಡದು. ಇನ್‌ಫ್ಲಿಕ್ಸಿಮಾಬ್ ಥರದ ಇಂಜೆಕ್ಷನ್ ತಡೆಯೋದು ಇದೇ ಪ್ರೋಟೀನನ್ನ. ಈ ಔಷಧಿ ತಗೊಂಡವರಲ್ಲಿ ಟಿ.ಬಿ. ಎದ್ದ 70 ಪ್ರಕರಣಗಳ ವರದಿ 2001ರಲ್ಲಿ ಅಮೆರಿಕದಲ್ಲಿ ಬಂತು. ಅದಕ್ಕೇ ಇಂಜೆಕ್ಷನ್‌ಗೆ ಮುಂಚೆ ಎದೆ ಎಕ್ಸ್‌ರೇ, ರಕ್ತ ಅಥವಾ ಚರ್ಮದ ಟಿ.ಬಿ. ಪರೀಕ್ಷೆ ಮಾಡಿಸೋದು. ಆಸ್ಪತ್ರೆಯವರು ಬಿಲ್ ಏರಿಸೋಕೆ ಮಾಡಿಸ್ತಾರೆ ಅಂತ ಅನ್ಕೋಬೇಡಿ, ಈ ಒಂದು ವಿಷಯದಲ್ಲಿ ಅಲ್ಲ.

ಇನ್ನು ಆ್ಯಂಟಿಬಯಾಟಿಕ್. ಪಿ.ಜಿ.ಯಲ್ಲಿದ್ದಾಗ ಲೂಸ್ ಮೋಷನ್ ಆದ್ರೆ ಕೆಳಗಿನ ಮೆಡಿಕಲ್ ಸ್ಟೋರಿನಿಂದ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಎರಡು ಮಾತ್ರೆ ತಂದು ನುಂಗೋದು ನಮ್ಮ ಪೀಳಿಗೆಯ ಆಚಾರ. ಬ್ಯಾಕ್ಟೀರಿಯಾ ತೊಂದರೆ ಅಂದ್ಮೇಲೆ ಆ್ಯಂಟಿಬಯಾಟಿಕ್ ಒಳ್ಳೇದೇ ಅಲ್ವಾ ಅಂತ ನೀವು ಕೇಳ್ತೀರಿ. ಕೀವಿಗೆ ಹೌದು, ಗುದದ ಫಿಸ್ಟುಲಾಕ್ಕೆ ಸಹಾಯಕ. ಆದರೆ ಐ.ಬಿ.ಡಿಯ ಮೂಲ ಉರಿಯೂತ ಅದರಿಂದ ವಾಸಿಯಾಗಲ್ಲ. ಮೇಲಾಗಿ ಆ್ಯಂಟಿಬಯಾಟಿಕ್ ಒಳ್ಳೇ ಬ್ಯಾಕ್ಟೀರಿಯಾವನ್ನೂ ಗುಡಿಸಿಹಾಕಿದ ಮೇಲೆ ಖಾಲಿ ಜಾಗಕ್ಕೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಬಂದು ಕೂರಬಹುದು. ಅದು ಬಿಡೋ ವಿಷದಿಂದ ಭೇದಿ, ಜ್ವರ, ಹೊಟ್ಟೆನೋವು, ಥೇಟ್ ಐ.ಬಿ.ಡಿ ಕೆರಳಿದ ಹಾಗೇ. ಅದಕ್ಕೇ ಕಾಯಿಲೆ ಕೆರಳಿದೆ ಅನ್ನಿಸಿದಾಗಲೆಲ್ಲ ಮಲದಲ್ಲಿ ಈ ವಿಷದ ಪರೀಕ್ಷೆ ಮಾಡಿಸೋದು ಸರಿಯಾದ ಕ್ರಮ. ಇದರ ಬೀಜಕಗಳು ಸ್ಯಾನಿಟೈಸರಿಗೆ ಸಾಯಲ್ಲ, ರೋಗಿಯನ್ನ ನೋಡ್ಕೊಳ್ಳೋರು ಸೋಪು ನೀರಲ್ಲಿ ಉಜ್ಜಿ ಕೈ ತೊಳೀಬೇಕು. ಭೇದಿ ನಿಲ್ಲಿಸೋ ಲೋಪರಮೈಡ್ ಮಾತ್ರೆಯೂ ಅಷ್ಟೇ. ಕೊಲೈಟಿಸ್ ಜೋರಾಗಿರುವಾಗ ಅದನ್ನ ನುಂಗಿದರೆ ದೊಡ್ಡ ಕರುಳು ಬಲೂನಿನ ಹಾಗೆ ಹಿಗ್ಗಿ ಜೀವಕ್ಕೇ ಅಪಾಯ ಬರಬಹುದು.

ಕ್ಯಾನ್ಸರ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ವರ್ಷಗಟ್ಟಲೆ ಕೊಲೈಟಿಸ್ ಇದ್ದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚು, ಸಾಮಾನ್ಯವಾಗಿ ಎಂಟು ವರ್ಷವಾದ ಮೇಲೆ ನಿಯಮಿತ ಕೊಲೊನೋಸ್ಕೋಪಿ ಹೇಳ್ತಾರೆ. 2012ರ ಒಂದು ಇಲಿ ಪ್ರಯೋಗದಲ್ಲಿ, ಡಿ.ಎನ್.ಎ.ಗೆ ಹಾನಿ ಮಾಡೋ ಕೊಲಿಬ್ಯಾಕ್ಟಿನ್ ಅನ್ನೋ ವಸ್ತುವಿನ ಜೀನುಗಳನ್ನ ಇ. ಕೋಲಿಯಿಂದ ತೆಗೆದುಹಾಕಿದಾಗ ಉರಿಯೂತ ಅಷ್ಟೇ ಇತ್ತು, ಗಡ್ಡೆಗಳು ಮಾತ್ರ ಕಮ್ಮಿಯಾದವು.

ಕೊನೆಗೆ, ಪ್ರತಿ ಸಲ ಬರೋ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡ್ತೀನಿ: ಮೊಸರು ತಿಂದ್ರೆ, ಪ್ರೋಬಯಾಟಿಕ್ ತಗೊಂಡ್ರೆ ಸರಿ ಹೋಗುತ್ತಾ? ಕೊಲೈಟಿಸ್‌ನಲ್ಲಿ ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನಿಂದಲೇ ಒಂದು ಚೀಲ ಮಾಡಿ ಗುದಕ್ಕೆ ಜೋಡಿಸ್ತಾರೆ. ಆ ಚೀಲದಲ್ಲಿ ಮಲ ನಿಂತು ಬ್ಯಾಕ್ಟೀರಿಯಾ ಬೆಳೆದು ಅದಕ್ಕೂ ಉರಿಯೂತ ಬರುತ್ತೆ, ಪೌಚೈಟಿಸ್ ಅಂತ ಹೆಸರು. ಇದು ಆ್ಯಂಟಿಬಯಾಟಿಕ್‌ಗೆ ಚೆನ್ನಾಗಿ ಬಗ್ಗುತ್ತೆ. 2000ನೇ ಇಸವಿಯಲ್ಲಿ ಇಟಲಿಯವರು ಹೀಗೆ ಬಗ್ಗಿಸಿದ 40 ಜನರಲ್ಲಿ ಅರ್ಧ ಜನಕ್ಕೆ ಎಂಟು ತಳಿಗಳ ಪ್ರೋಬಯಾಟಿಕ್, ಇನ್ನರ್ಧಕ್ಕೆ ಪ್ಲಸೀಬೊ ಕೊಟ್ಟರು. ಒಂಬತ್ತು ತಿಂಗಳಲ್ಲಿ ಪ್ರೋಬಯಾಟಿಕ್‌ನವರಲ್ಲಿ 20ಕ್ಕೆ ಮೂವರಿಗೆ ಮರುಕಳಿಸಿತು, ಇನ್ನೊಂದು ಗುಂಪಿನಲ್ಲಿ 20ಕ್ಕೆ 20. ಅಂದ್ರೆ ಅಲ್ಲಿ ಉಪಯೋಗ ಕಂಡಿತು. ಕ್ರೋನ್ಸ್‌ನಲ್ಲಿ ಅಂಥ ಪುರಾವೆ ಸಿಕ್ಕಿಲ್ಲ, ಸಾವಿರಾರು ರೂಪಾಯಿಯ ಡಬ್ಬಿ ಕೊಳ್ಳೋ ಮುಂಚೆ ಇದು ಗೊತ್ತಿರಲಿ. ಆರೋಗ್ಯವಂತರ ಮಲವನ್ನ ಶುದ್ಧಗೊಳಿಸಿ ರೋಗಿಯ ಕರುಳಿಗೆ ಹಾಕೋ ಚಿಕಿತ್ಸೆಯೂ ಇದೆ. ಪದೇಪದೇ ಬರೋ ಡಿಫಿಸಿಲ್‌ಗೆ ಅದು ಅದ್ಭುತವಾಗಿ ಕೆಲಸ ಮಾಡುತ್ತೆ ಅಂತ 2013ರಲ್ಲಿ ನೆದರ್ಲೆಂಡ್ಸ್‌ನವರು ತೋರಿಸಿದರು. ಏಮ್ಸ್‌ನವರು ಸೌಮ್ಯ, ಮಧ್ಯಮ ಹಂತದ ಅಲ್ಸರೇಟಿವ್ ಕೊಲೈಟಿಸ್ ಇದ್ದ 66 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ, ಒಂದು ಗುಂಪಿಗೆ ಪಥ್ಯದ ಜೊತೆ ಈ ಚಿಕಿತ್ಸೆ ಕೊಟ್ಟರು. ದಾನಿಗಳನ್ನ ಹಳ್ಳಿಗಳಿಂದ ಆರಿಸಿದರು. ಫಲಿತಾಂಶ ಮಾಮೂಲಿ ಔಷಧಿಯ ಗುಂಪಿಗಿಂತ ಚೆನ್ನಾಗಿತ್ತು. ಇದನ್ನ ಕೇಳಿ ನಮ್ಮಮ್ಮ, 'ಹಂಗಾರ ನಮ್ಮೂರಿನವರದ್ದಕ್ಕ ಬೆಲಿ ಐತಿ ಅನ್ನು' ಅಂತ ನಕ್ಕರು.

ತಮ್ಮ ಮೊಸರನ್ನ ತಿಂತಾನೆ, ಇಷ್ಟ ಅಂತ ತಿಂತಾನೆ. ಇಂಜೆಕ್ಷನ್ ಎಂಟು ವಾರಕ್ಕೊಮ್ಮೆ. ಈಗ ಪ್ರಶ್ನೆಗಳಿಗೆ ಬರೋಣ, ಆನ್‌ಲೈನ್‌ನವರು ಮೈಕ್ ಅನ್‌ಮ್ಯೂಟ್ ಮಾಡ್ಕೊಳ್ಳಿ.